ಹಳೆಯ ತೊಟ್ಟಿ ಮನೆಯನ್ನು ಇಂದಿನ ಬಳಕೆಗೆ ಒಗ್ಗಿಸುವುದು ಹೇಗೆ

ಹಳೇ ಮೈಸೂರು ಸೀಮೆಯಲ್ಲೂ ಮಲೆನಾಡಿನಲ್ಲೂ ನಡುವೆ ತೆರೆದ ಅಂಗಳವಿರುವ, ನೂರು ವರ್ಷ ದಾಟಿದ ತೊಟ್ಟಿ ಮನೆಗಳು ಇನ್ನೂ ಉಳಿದಿವೆ. ಮಣ್ಣಿನ ಅಥವಾ ಹಸಿ ಇಟ್ಟಿಗೆಯ ದಪ್ಪ ಗೋಡೆ, ಸುಣ್ಣದ ಗಾರೆ, ಮರದ ಕಂಬ, ತೊಲೆ, ಜಂತೆ, ಮೇಲೆ ಹೆಂಚು, ಕೆಲವೆಡೆ ಮದ್ರಾಸ್ ತಾರಸಿ (ಜಂತೆಗಳ ಮೇಲೆ ತೆಳು ಇಟ್ಟಿಗೆ ನಿಲ್ಲಿಸಿ, ಮೇಲೆ ಸುಣ್ಣದ ಕಾಂಕ್ರೀಟ್ ಹಾಕಿದ ಚಾವಣಿ). ಇವನ್ನು ಹೋಮ್‌ಸ್ಟೇ, ಕಚೇರಿ, ಗ್ರಂಥಾಲಯ ಅಥವಾ ಹೋಟೆಲ್ ಮಾಡಲು ಹೊರಟವರ ಮನಸ್ಸು ಮೊದಲು ಹೋಗುವುದು ನೆಲದ ಟೈಲ್ಸ್, ಗೋಡೆಯ ಬಣ್ಣ, ದೀಪಗಳ ಕಡೆಗೆ. ಆದರೆ ಇಂಥ ಮನೆ ಕೆಡುವುದು ಮುಖ್ಯವಾಗಿ ಎರಡರಿಂದ: ನೀರು ಮತ್ತು ಭಾರ. ಇವೆರಡರ ಲೆಕ್ಕ ಮೊದಲು ಮುಗಿಯಬೇಕು. ಉಳಿದದ್ದೆಲ್ಲ ಆಮೇಲೆ.

ಕೈ ಹಾಕುವ ಮೊದಲು

ಸಾಧ್ಯವಿದ್ದರೆ ಒಂದು ಮಳೆಗಾಲ ಪೂರ್ತಿ ಮನೆಯನ್ನು ಸುಮ್ಮನೆ ಗಮನಿಸಿ. ಎಲ್ಲಿ ಸೋರುತ್ತದೆ, ಅಂಗಳದ ನೀರು ಯಾವ ಕಡೆ ನಿಲ್ಲುತ್ತದೆ, ಯಾವ ಗೋಡೆಯ ಬುಡದಲ್ಲಿ ತೇವ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದನ್ನು ನಕ್ಷೆಯ ಮೇಲೆ ದಿನಾಂಕ ಸಹಿತ ಗುರುತಿಸಿ. ಬಿರುಕುಗಳ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ತಾರೀಕು ಬರೆದಿಡಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದರ್ಥ, ಅಂಥ ಕಡೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡುವ ತನಕ ಬಿರುಕು ಮುಚ್ಚಬಾರದು. ಒಡೆಯದಿದ್ದರೆ ಅದು ಹಳೆಯ ಗಾಯ. ಗಾರೆ ತುಂಬಿದರೆ ಸಾಕು.

ಅನುಮತಿಯ ವಿಷಯವನ್ನೂ ಈ ಹಂತದಲ್ಲೇ ಮುಗಿಸಿಕೊಳ್ಳಿ. ಕಟ್ಟಡ ರಾಜ್ಯ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಪ್ರಾಚೀನ ಸ್ಮಾರಕಗಳ ಕುರಿತ 1961ರ ಕರ್ನಾಟಕದ ಕಾಯ್ದೆ ಅನ್ವಯಿಸುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ, ಸ್ಮಾರಕಗಳ ಕುರಿತ ಕೇಂದ್ರದ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ದುರಸ್ತಿಗೂ ಅನುಮತಿ ಬೇಕು. ವಾಸದ ಮನೆಯನ್ನು ವ್ಯಾಪಾರಕ್ಕೆ ಬದಲಿಸುವುದಾದರೆ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಬೇರೆಯೇ ಪಡೆಯಬೇಕು.

ಮನೆಗೆ ತಕ್ಕ ಬಳಕೆ

ಬಳಕೆ ಮೊದಲೇ ತೀರ್ಮಾನಿಸಿ ಆಮೇಲೆ ಮನೆಯನ್ನು ಅದಕ್ಕೆ ಬಗ್ಗಿಸಹೊರಟರೆ ಗೋಡೆ ಒಡೆಯುವುದು ತಪ್ಪುವುದಿಲ್ಲ. ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಹಿಡಿಯುತ್ತಾರೆ. ಹೋಟೆಲಿನ ಊಟದ ಹಾಲ್‌ಗೆ ಸುಮಾರು 400. ಪುಸ್ತಕದ ಕಪಾಟುಗಳು ಸಾಲಾಗಿ ನಿಲ್ಲುವ ಕೋಣೆಗೆ ಸುಮಾರು 600. ಅಂದರೆ ಅಟ್ಟದ ಮೇಲಿನ ಕೋಣೆ ಮಲಗಲು ಸರಿ, ಪುಸ್ತಕಕ್ಕೆ ಅಲ್ಲ. ಗ್ರಂಥಾಲಯವಾದರೆ ಕಪಾಟುಗಳು ಕೆಳಗೆ ನೆಲದ ಮೇಲಿರಲಿ, ಮೇಲೆ ಓದುವವರ ಕುರ್ಚಿಗಳನ್ನಾದರೂ ಇಡಬಹುದೇ ಎಂಬುದನ್ನು ಜಂತೆಗಳ ಅಳತೆ ಹಿಡಿದು ಎಂಜಿನಿಯರ್ ಹೇಳಲಿ. ಪಡಸಾಲೆ ಮತ್ತು ತೊಟ್ಟಿಯ ಸುತ್ತಲ ಮೊಗಸಾಲೆಗಳು ಜನ ಸೇರುವ ಜಾಗ. ಕತ್ತಲೆಯ ನಡುಮನೆ ಮಲಗುವ ಕೋಣೆಗೋ ದಾಸ್ತಾನಿಗೋ ಒಗ್ಗುತ್ತದೆ. ನಡುಮನೆಗೆ ಬೆಳಕು ಬೇಕೆಂದು ಭಾರ ಹೊತ್ತ ಗೋಡೆಯಲ್ಲಿ ದೊಡ್ಡ ಕಿಟಕಿ ಕೊರೆಯುವ ಬದಲು ಹೆಂಚಿನ ನಡುವೆ ನಾಲ್ಕಾರು ಗಾಜಿನ ಹೆಂಚು ಕೂರಿಸಿ.

ನೀರನ್ನು ಹೊರಗೆ ಹಾಕುವುದು

ಕೆಲಸದ ಕ್ರಮ ಹೀಗಿರಲಿ: ಮೊದಲು ಸೂರು, ಆಮೇಲೆ ಸುತ್ತಲ ಚರಂಡಿ, ನಂತರ ಒಂದು ಬೇಸಿಗೆ ಗೋಡೆ ಒಣಗಲು ಬಿಡುವು, ಕೊನೆಗೆ ಗಿಲಾವು. ಈ ಕ್ರಮ ತಲೆಕೆಳಗಾದರೆ ಹೊಸ ಗಿಲಾವು ಎರಡು ಮಳೆಗಾಲವೂ ನಿಲ್ಲುವುದಿಲ್ಲ.

ದಶಕಗಳಿಂದ ರಸ್ತೆಯೂ ಅಂಗಳವೂ ಏರುತ್ತಾ ಬಂದು ಎಷ್ಟೋ ಮನೆಗಳ ಹೊರನೆಲ ಒಳನೆಲಕ್ಕಿಂತ ಎತ್ತರವಾಗಿದೆ. ಗೋಡೆಯ ಸುತ್ತ ಮಣ್ಣು ತೆಗೆದು ಹೊರನೆಲವನ್ನು ಒಳನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿಳಿಸಿ. ಗೋಡೆಯ ಬುಡಕ್ಕೆ ಯಾರೋ ಹಾಕಿದ ಸಿಮೆಂಟ್ ಪಟ್ಟಿ ಇದ್ದರೆ ಬಿಡಿಸಿ. ಗೋಡೆಯಿಂದ 2–3 ಅಡಿ ದೂರದಲ್ಲಿ, ಒಂದೂವರೆ ಅಡಿ ಅಗಲದ ಜಲ್ಲಿ ತುಂಬಿದ ಚರಂಡಿ ತೋಡಿ, 100 ಅಡಿಗೆ 1 ಅಡಿ ಇಳಿಜಾರು ಕೊಡಿ. ಆಳ ಮಾತ್ರ ಪಾಯದ ತಳಕ್ಕಿಂತ ಮೇಲೇ ಇರಬೇಕು. ಅದಕ್ಕಿಂತ ಕೆಳಗೆ ಅಗೆದರೆ ಪಾಯದ ಕೆಳಗಿನ ಮಣ್ಣು ಸಡಿಲವಾಗಿ ಗೋಡೆ ಕುಸಿಯುತ್ತದೆ.

ಒಳಗೆ ವಿಟ್ರಿಫೈಡ್ ಟೈಲ್ಸ್ ಬೇಡ. ನೆಲದಿಂದ ಮೇಲೇರುವ ತೇವಕ್ಕೆ ಟೈಲ್ಸ್ ದಾರಿ ಕೊಡುವುದಿಲ್ಲ. ಅದು ಪಕ್ಕಕ್ಕೆ ಸರಿದು ಗೋಡೆಗಳನ್ನು ಹತ್ತುತ್ತದೆ. ಮೊದಲು ಒಣಗಿದ್ದ ಗೋಡೆ ಟೈಲ್ಸ್ ಹಾಕಿದ ಮೇಲೆ ತೇವವಾಗುವುದು ಇದರಿಂದಲೇ. ಸುಣ್ಣದ ಕಾಂಕ್ರೀಟಿನ ಮೇಲೆ ಸುಣ್ಣದ ಗಾರೆಯಲ್ಲೇ ಕೂರಿಸಿದ ಕಲ್ಲು ಚಪ್ಪಡಿ ಅಥವಾ ಸುಟ್ಟ ಮಣ್ಣಿನ ಬಿಲ್ಲೆ ಒಳ್ಳೆಯದು.

ಸೂರು ಮತ್ತು ತಾರಸಿ

ಮಂಗಳೂರು ಹೆಂಚು ಬಂದದ್ದೇ 1865ರಲ್ಲಿ, ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ತೆರೆದಾಗ. ಅದಕ್ಕಿಂತ ಹಳೆಯ ಮನೆಯ ಮೇಲೆ ಈ ಹೆಂಚು ಇದ್ದರೆ ಸೂರು ಒಮ್ಮೆಯಾದರೂ ಬದಲಾಗಿದೆ ಎಂದರ್ಥ, ಪಕಾಸಿಗಳಲ್ಲಿ (ಸೂರಿನ ಇಳಿಜಾರು ಮರಗಳಲ್ಲಿ) ಹಳೆಯ ಮೊಳೆತೂತುಗಳು ಸಿಕ್ಕೇ ಸಿಗುತ್ತವೆ. ಹೆಂಚು ಇಳಿಸುವಾಗ ಹಿಂಬದಿಯ ಅಚ್ಚು ನೋಡಿ ಕಾರ್ಖಾನೆವಾರು ಬೇರೆ ಮಾಡಿ. ಒಂದು ಕಾರ್ಖಾನೆಯ ಹೆಂಚಿನ ತೋಡು ಇನ್ನೊಂದರದಕ್ಕೆ ಸರಿಯಾಗಿ ಕಚ್ಚುವುದಿಲ್ಲ, ಬೆರೆಸಿ ಹೊದಿಸಿದ ಸಾಲಿನಲ್ಲೇ ಸೋರಿಕೆ ಶುರುವಾಗುತ್ತದೆ. ಒಂದು ಬಗೆಯ ಹೆಂಚು ಒಂದು ಪಾರ್ಶ್ವಕ್ಕೆ ಇರಲಿ. ಹೆಂಚು ಕೂರುವ ರೀಪುಗಳ ಅಂತರವನ್ನು ಪುಸ್ತಕದ ಅಳತೆಗೆ ಹೊಡೆಯದೆ ಕೈಯಲ್ಲಿರುವ ಹತ್ತು ಹೆಂಚುಗಳನ್ನು ಜೋಡಿಸಿ ಅಳೆದು ನಿಗದಿ ಮಾಡಿ. ಮೂಲೆ ಮತ್ತು ನೆತ್ತಿಯ ಹೆಂಚುಗಳನ್ನು ಸುಣ್ಣದ ಗಾರೆಯಲ್ಲೇ ಕೂರಿಸಿ. ಸಿಮೆಂಟಿನಲ್ಲಿ ಕೂತ ಹೆಂಚು ಬಿಸಿಲಿಗೆ ಹಿಗ್ಗಲಾರದೆ ಸೀಳುತ್ತದೆ, ಮುಂದೆ ಬಿಡಿಸಲು ಹೋದರೆ ಪುಡಿಯಾಗುತ್ತದೆ.

ಮದ್ರಾಸ್ ತಾರಸಿ ಸೋರಿದಾಗ ಮೇಲೊಂದು ಸಿಮೆಂಟ್ ಪದರ ಎಳೆಯುವುದು ಎಲ್ಲೆಡೆ ಕಾಣುವ ರೂಢಿ. 2 ಇಂಚಿನ ಪದರ ಒಂದು ಚದರಕ್ಕೆ (100 ಚದರ ಅಡಿಗೆ) ಹತ್ತಿರ ಹತ್ತಿರ 1 ಟನ್ ತೂಗುತ್ತದೆ. ಕೆಲವು ತಾರಸಿಗಳ ಮೇಲೆ ಇಂಥ ಎರಡು ಮೂರು ಪದರಗಳಿರುತ್ತವೆ, ಕೆಳಗಿನ ಜಂತೆಗಳು ಅದನ್ನೆಲ್ಲ ಸದ್ದಿಲ್ಲದೆ ಹೊತ್ತು ಬಾಗಿರುತ್ತವೆ. ಜಂತೆಗಳಿಗೆ ಕೆಳಗಿನಿಂದ ಊರೆ (ತಾತ್ಕಾಲಿಕ ಆಸರೆ ಕಂಬ) ಕೊಟ್ಟು, ಪದರಗಳನ್ನು ಸುತ್ತಿಗೆ, ಉಳಿಗಳಿಂದ ಕೈಯಲ್ಲೇ ಬಿಡಿಸಿ. ಬ್ರೇಕರ್ ಯಂತ್ರದ ನಡುಕಕ್ಕೆ ನಿಲ್ಲಿಸಿ ಕೂರಿಸಿದ ತೆಳು ಇಟ್ಟಿಗೆಗಳು ಕಳಚಿ ಬೀಳುತ್ತವೆ. ಆಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಬೆರೆಸಿದ ಕಾಂಕ್ರೀಟನ್ನು 3–4 ಇಂಚು ಹಾಕಿ, ಮರದ ದಿಮ್ಮಸಿನಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡಿ, ಚಪ್ಪಟೆ ಬಿಲ್ಲೆ ಹೊದಿಸಬೇಕು. ನೀರಿನ ಟ್ಯಾಂಕ್ ತಾರಸಿಯ ಮೇಲೆ ಬೇಡವೇ ಬೇಡ. 1000 ಲೀಟರ್ ಎಂದರೆ 1 ಟನ್. ಹಿತ್ತಲಲ್ಲಿ ತನ್ನದೇ ಪಾಯದ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ.

ಗೋಡೆಗೆ ಸುಣ್ಣವೇ

ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಬಿಡುತ್ತಾ ಇರುತ್ತದೆ. ಸಿಮೆಂಟ್ ಗಿಲಾವು ಆ ದಾರಿ ಮುಚ್ಚಿದಾಗ ತೇವ ಒಳಗೇ ಕೂತು ಮಣ್ಣನ್ನು ಮೆತ್ತಗಾಗಿಸುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಗಿಲಾವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಕೇಳುತ್ತದೆ. ಅಂಥ ಕಡೆ ಹಿಂದಿನ ಮಣ್ಣು ಆಗಲೇ ಪುಡಿಯಾಗಿದೆ.

ಸುಣ್ಣ ಅರಳಿಸುವಾಗ ನೀರಿನೊಳಕ್ಕೆ ಸುಟ್ಟ ಸುಣ್ಣದ ಕಲ್ಲು ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಕಡ್ಡಾಯ. ಅರಳಿದ್ದನ್ನು ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ ಕನಿಷ್ಠ 2 ವಾರ ಬಿಡಿ. ಕೊನೆಯ ನಯ ಪದರಕ್ಕಾದರೆ ತಿಂಗಳಿಗೂ ಹೆಚ್ಚು. ಅರಳದ ಹರಳು ಉಳಿದರೆ ಅದು ಗೋಡೆಯ ಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತದೆ. ಒಳಪದರಕ್ಕೆ 1 ಪಾಲು ಸುಣ್ಣ, 3 ಪಾಲು ಮರಳು. ತೇವ ಹೆಚ್ಚಿರುವ ಬುಡದಲ್ಲಿ 1 ಸುಣ್ಣ, 1 ಸುರಕಿ, 2 ಮರಳು. ಸುರಕಿಗೆ ಹದವಾಗಿ ಸುಟ್ಟ ಇಟ್ಟಿಗೆಯ ಪುಡಿಯೇ ಬೇಕು, ಕರಕಲು ಇಟ್ಟಿಗೆಯದು ಸುಣ್ಣದ ಜೊತೆ ಸೇರುವುದಿಲ್ಲ. ಒಂದು ಪದರ ಅರ್ಧ ಇಂಚು ಮೀರಬಾರದು, ಮುಂದಿನದಕ್ಕೆ ಒಂದು ವಾರದ ಅಂತರವಿರಲಿ. ಒದ್ದೆ ಗೋಣಿ ಇಳಿಬಿಟ್ಟು 10–14 ದಿನ ತಂಪಾಗಿಡಿ. ಬಿಸಿಲಿಗೆ ಬೇಗ ಒಣಗಿದ ಗಾರೆ ಕೈಯಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ.

ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಬೆರೆಸುವ ಪದ್ಧತಿ ಒಳ್ಳೆಯದೇ. ಅಳತೆ ಮೇಸ್ತ್ರಿಯಿಂದ ಮೇಸ್ತ್ರಿಗೆ ಬದಲಾಗುತ್ತದೆ. ಆದ್ದರಿಂದ ಗೋಡೆಯ ಮರೆಯಲ್ಲಿ 2 ಅಡಿಗೆ 2 ಅಡಿಯ ಮಾದರಿ ಹಾಕಿಸಿ ಒಂದು ತಿಂಗಳು ನೋಡಿ. ಬೆಲ್ಲ ಜಾಸ್ತಿಯಾದರೆ ಗಾರೆ ಗಟ್ಟಿಯಾಗಲು ತಡವಾಗುತ್ತದೆ, ಬೂಷ್ಟೂ ಹಿಡಿಯುತ್ತದೆ. ಮೇಲೆ ಬಳಿಯುವುದು ಸುಣ್ಣವೇ ಇರಲಿ. ಎಮಲ್ಷನ್ ಬಣ್ಣ ಬಳಿದರೆ ಸಿಮೆಂಟ್ ಮಾಡುವ ಕೆಡುಕನ್ನೇ ಸ್ವಲ್ಪ ನಿಧಾನವಾಗಿ ಮಾಡುತ್ತದೆ. ಗೋಡೆಯಲ್ಲಿ ಬಿಳಿ ಉಪ್ಪು ಹೊಮ್ಮಿದ್ದರೆ ನೀರು ಹಾಕಿ ತೊಳೆಯದೆ ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿ ಹೊರಹಾಕಿ. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಸೇರುತ್ತದೆ.

ಮರ

ತೊಲೆಯ ನಡುಭಾಗ ಎಷ್ಟೇ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಹೂತ ತುದಿಯನ್ನು ಪರೀಕ್ಷಿಸದೆ ನಂಬಬೇಡಿ. ಕೊಳೆಯುವುದು, ಗೆದ್ದಲು ಹಿಡಿಯುವುದು ಮೊದಲು ಅಲ್ಲೇ. ಚೂಪಾದ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿ. ತುದಿ ಮಾತ್ರ ಹಾಳಾಗಿದ್ದರೆ ಇಡೀ ತೊಲೆ ಬದಲಿಸುವ ಅಗತ್ಯವಿಲ್ಲ. ಊರೆ ಕೊಟ್ಟು, ಕೆಟ್ಟ ಭಾಗ ಕತ್ತರಿಸಿ, ಅದೇ ಜಾತಿಯ ಚೆನ್ನಾಗಿ ಒಣಗಿದ ಮರವನ್ನು ಓರೆಯಾಗಿ ಕಚ್ಚಿಸಿ, ಎರಡು ಬದಿಗೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಹಾಕಿ. ಎಷ್ಟು ಉದ್ದ, ಎಷ್ಟು ದಪ್ಪ ಎಂಬುದು ಎಂಜಿನಿಯರ್ ಲೆಕ್ಕ. ತುದಿಯನ್ನು ಗೋಡೆಗೆ ಕೂರಿಸುವಾಗ ಸುತ್ತ ಮುಕ್ಕಾಲು ಇಂಚಿನಷ್ಟು ಗಾಳಿಯಾಡುವ ಸಂದು ಬಿಡಿ. ಕೆತ್ತನೆಯ ಕಂಬ, ಬೋದಿಗೆಗಳ ಮೇಲಿನ ಹಳೆಯ ಬಣ್ಣ ತೆಗೆಯಲು ಗ್ರೈಂಡರ್ ಹಿಡಿಯುವವರಿದ್ದಾರೆ. ಒಂದೇ ಮಧ್ಯಾಹ್ನದಲ್ಲಿ ನೂರು ವರ್ಷದ ಉಳಿಯ ಗುರುತೆಲ್ಲ ಸವೆದುಹೋಗುತ್ತದೆ. ಅದಕ್ಕೆ ಅವಕಾಶವನ್ನೇ ಕೊಡಬೇಡಿ.

ಬಚ್ಚಲು, ಕರೆಂಟು

ಪ್ರತಿ ಕೋಣೆಗೂ ಸ್ನಾನಗೃಹ ಬೇಕೆಂಬ ಆಸೆಯಲ್ಲೇ ಹೆಚ್ಚಿನ ಮನೆಗಳು ಹಾಳಾಗುವುದು. ಮಣ್ಣಿನ ಗೋಡೆಯೊಳಗೆ ಹೂತ ಪೈಪ್ ಒಮ್ಮೆ ಸೋರಿದರೆ ಗೊತ್ತಾಗುವ ಹೊತ್ತಿಗೆ ಗೋಡೆಯ ಬುಡ ಕೆಸರಾಗಿರುತ್ತದೆ. ಉತ್ತಮ ದಾರಿಯೆಂದರೆ ಹಿತ್ತಲ ಕಡೆ, ಹಳೆಯ ಗೋಡೆಯಿಂದ ಬೇರೆಯಾಗಿ, ಸ್ನಾನಗೃಹಗಳ ಸಾಲೊಂದನ್ನು ಕಟ್ಟಿ ಮುಚ್ಚಿದ ಓಣಿಯಿಂದ ಮನೆಗೆ ಸೇರಿಸುವುದು. ಒಳಗೇ ಬೇಕೆಂದರೆ ಕೋಣೆಯ ಮೂಲೆಯಲ್ಲಿ ಹಳೆಯ ಗೋಡೆಗೆ ತಾಗದಂತೆ 6–8 ಇಂಚು ಬಿಟ್ಟು ಹಗುರ ಚೌಕಟ್ಟಿನ ಗೋಡೆ ಎಬ್ಬಿಸಿ, ಪೈಪುಗಳನ್ನೆಲ್ಲ ಆ ಸಂದಿಯಲ್ಲಿ ಓಡಿಸಿ, ತೆರೆದು ನೋಡಲು ಬಾಗಿಲಿಡಿ. ಗೋಡೆಗೆ ತೂಗುವ ಕಮೋಡನ್ನೂ ಅದರ ಉಕ್ಕಿನ ಚೌಕಟ್ಟಿನೊಂದಿಗೆ ಅದೇ ಸಂದಿಯಲ್ಲಿ ಕೂರಿಸಬಹುದು. 110 ಮಿಮೀ ಮಲದ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಸಿಗುವಂತೆ ಸ್ನಾನಗೃಹದ ನೆಲವನ್ನು ಒಂದು ಮೆಟ್ಟಿಲು ಎತ್ತರಿಸಿದರೆ ಹಳೆಯ ನೆಲ ಅಗೆಯುವುದು ತಪ್ಪುತ್ತದೆ.

ವೈರಿಂಗಿಗೆ ಮಣ್ಣಿನ ಗೋಡೆ ಕೊರೆಯಬೇಡಿ. ತೊಲೆ, ಜಂತೆಗಳ ಮೇಲ್ಬದಿಯಲ್ಲಿ ಕಾಣದಂತೆ ಲೋಹದ ಕಾಂಡ್ಯೂಟ್ (ತಂತಿ ಹಾಯಿಸುವ ಕೊಳವೆ) ಓಡಿಸಿ, ಬಾಗಿಲವಾಡದ ಪಕ್ಕದಲ್ಲಿ ಕೆಳಗಿಳಿಸಿ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಮೀ ತಂತಿ, ಹೊಸ ಅರ್ಥಿಂಗ್, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್. ಒಣಮರದ ಮನೆಯಲ್ಲಿ ಹಳೆಯ ತಂತಿಯ ಒಂದು ತುಂಡನ್ನೂ ಉಳಿಸಬಾರದು.

ತೊಟ್ಟಿ

ಸೊಳ್ಳೆ, ಮಳೆ, ಕಳ್ಳರ ಭಯಕ್ಕೆ ತೊಟ್ಟಿಯ ಮೇಲೆ ಪಾಲಿಕಾರ್ಬೊನೇಟ್ ಹಾಳೆ ಹೊದಿಸಿ ಬಿಗಿ ಮಾಡಿದರೆ ಬಿಸಿಗಾಳಿ ಹೋಗಲು ದಾರಿಯಿಲ್ಲದೆ ಮನೆಯೆಲ್ಲ ಕಾಯುತ್ತದೆ. ಆಮೇಲೆ ಎಸಿ ಬೇಕಾಗುತ್ತದೆ, ಎಸಿಗಾಗಿ ಕಿಟಕಿ ಮುಚ್ಚಬೇಕಾಗುತ್ತದೆ. ಕಳ್ಳರಿಗೆ ಕಬ್ಬಿಣದ ಸರಳು, ಸೊಳ್ಳೆಗೆ ಜಾಲರಿ ಸಾಕು. ಮಳೆಗೂ ಮುಚ್ಚಲೇಬೇಕೆಂದರೆ ಗಾಜನ್ನು ಸೂರಿನಿಂದ ಒಂದೂವರೆ, ಎರಡು ಅಡಿ ಮೇಲೆತ್ತಿ, ನಾಲ್ಕೂ ಬದಿ ತೆರೆದಿಟ್ಟು, ಅಂಚು ಸೂರಿನ ಮೇಲೆ ಚಾಚುವಂತೆ ಮಾಡಿ. ಆ ಚೌಕಟ್ಟನ್ನು ಬೋಲ್ಟಿನಲ್ಲೇ ಕಟ್ಟಿ, ಬೇಡವಾದ ದಿನ ಬಿಚ್ಚುವಂತಿರಲಿ.

ಮುಚ್ಚದ ತೊಟ್ಟಿ ನೀರೂ ಕೊಡುತ್ತದೆ. ಒಳಕ್ಕೆ ಇಳಿಯುವ ಸೂರು ಮತ್ತು ತೊಟ್ಟಿ ಸೇರಿ 64 ಚದರ ಮೀಟರ್ ಇದ್ದು, ವರ್ಷಕ್ಕೆ 800 ಮಿಮೀ ಮಳೆ ಬೀಳುವ ಊರಾದರೆ, ಸೋರಿ ಆವಿಯಾದದ್ದು ಕಳೆದು ಸುಮಾರು 43,000 ಲೀಟರ್ ಸಿಗುತ್ತದೆ. ಗಂಟೆಗೆ 60 ಮಿಮೀ ಸುರಿವ ಜಡಿಮಳೆಯಲ್ಲಿ ನಿಮಿಷಕ್ಕೆ 64 ಲೀಟರ್ ಬರುತ್ತದೆ. ಒಂದು 110 ಮಿಮೀ ಪೈಪ್ ಇದನ್ನು ಸಲೀಸಾಗಿ ಒಯ್ಯುತ್ತದೆ, ಆದರೂ ಎಲೆ ಕಟ್ಟಿಕೊಂಡ ದಿನಕ್ಕೆಂದು ಎರಡನೆಯ ದಾರಿ ಇರಲೇಬೇಕು.

ಹೊಸದನ್ನು ಸೇರಿಸುವುದಾದರೆ

ಹೆಚ್ಚು ಜಾಗ ಬೇಕೆಂದಾಗ ಹಳೆಯ ಗೋಡೆಯ ಮೇಲೆ ಮಹಡಿ ಏರಿಸದೆ ಪಕ್ಕದಲ್ಲಿ ಹೊಸ ಕಟ್ಟಡ ಕಟ್ಟಿ. ಬೆಂಗಳೂರಿನ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಈ ಬಗೆ ಕಾಣಸಿಗುತ್ತದೆ: ಹಳೆಯ ಮಹಲು ಹಾಗೇ ಉಳಿದು, ಹೊಸ ಗ್ಯಾಲರಿ ಬೇರೆಯಾಗಿ ನಿಂತಿದೆ. ಹೊಸ ಪಾಯ ಹಳೆಯದರಿಂದ ದೂರವಿರಲಿ, ಎರಡರ ನಡುವಿನ ಜೋಡಣೆ ಹಗುರವಾಗಿ, ಅಲುಗಲು ಆಸ್ಪದವಿರುವಂತಿರಲಿ. ಬಿಗಿಯಾಗಿ ಸೇರಿಸಿದರೆ ಹೊಸದು ಕುಗ್ಗಿದಾಗ ಹಳೆಯದನ್ನೂ ಎಳೆದು ಸೀಳುತ್ತದೆ.

ಕೆಲಸ ಮುಗಿದ ಮೊದಲ ಮಳೆಗಾಲದಲ್ಲಿ ಪ್ರತಿ ಜೋರು ಮಳೆಯ ನಂತರ ಅಟ್ಟ ಹತ್ತಿ ರೀಪುಗಳನ್ನು ಕೈಯಲ್ಲಿ ಮುಟ್ಟಿ ನೋಡಿ, ಪೈಪುಗಳ ಸಂದಿಯ ಬಾಗಿಲು ತೆರೆದು ಟಾರ್ಚ್ ಹಿಡಿದು ಪರೀಕ್ಷಿಸಿ, ಚರಂಡಿಯ ಹೂಳು ತೆಗೆಸಿ. ಆಮೇಲೆ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಹೆಂಚು ಸರಿಪಡಿಸಿ ಸುಣ್ಣ ಬಳಿಸಿ. ಬದಲಿ ಹೆಂಚು ಪ್ರತಿ ನೂರಕ್ಕೆ ಐದರಂತೆ ಅದೇ ಕಾರ್ಖಾನೆಯದು ಹಿತ್ತಲಲ್ಲಿ ಜೋಡಿಸಿಟ್ಟಿರಲಿ.