ಅಡಿಕೆ ಹಾಳೆ ತಟ್ಟೆಯ ಆರ್ಡರ್ ಆನ್‌ಲೈನ್‌ನಲ್ಲಿ ಜೋಡಿಸಿದ್ದು: ಕಾಸರಗೋಡಿನ ನಾಲ್ಕು ಘಟಕಗಳ ಅನುಭವ

ಬೆಂಗಳೂರಿನ ಖರೀದಿದಾರರಿಂದ ಬಂದ ಮೊದಲ ಆನ್‌ಲೈನ್ ಆರ್ಡರಿನಲ್ಲಿ 10 ಇಂಚಿನ ದುಂಡು ತಟ್ಟೆಯ ಎದುರು 12 ಎಂದಿತ್ತು. ಅವರ ಗೋದಾಮಿನ ಲೆಕ್ಕದಲ್ಲಿ ಅದು 12 ಪೆಟ್ಟಿಗೆ, ಅಂದರೆ 6,000 ತಟ್ಟೆ. ನಮ್ಮ ಲೆಕ್ಕದಲ್ಲಿ 25ರ 12 ಕಟ್ಟು, 300 ತಟ್ಟೆ. ಅಂಕಿ ಅಲ್ಲಿಂದ ಇಲ್ಲಿಗೆ ಒಂದಿಷ್ಟೂ ತಪ್ಪದೆ ಬಂದಿತ್ತು, ಸರಕು ಮಾತ್ರ ಇಪ್ಪತ್ತರಲ್ಲಿ ಒಂದು ಪಾಲು ಹೋಯಿತು. ಇಬ್ಬರು ವ್ಯಾಪಾರಸ್ಥರ ವ್ಯವಸ್ಥೆಗಳನ್ನು ಜೋಡಿಸುವುದೆಂದರೆ ಸಾಫ್ಟ್‌ವೇರ್ ಕೂರಿಸುವುದು ಎಂದುಕೊಂಡು ಹೊರಟವರು ಎಡವುವುದು ಇಲ್ಲೇ. ಅಂಕಿಗೆ ಎರಡೂ ಕಡೆ ಒಂದೇ ಅರ್ಥ ಇರಬೇಕು. ಅದನ್ನು ಮಾಡಿಕೊಳ್ಳಲು ನಮಗೆ ಎರಡು ತಿಂಗಳು ಹಿಡಿಯಿತು. ಕಂಪ್ಯೂಟರಿನ ಕೆಲಸಕ್ಕೆ ಹತ್ತು ದಿನವೂ ಬೇಕಾಗಲಿಲ್ಲ.

ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ, ಹೀಗೆ ನಾಲ್ಕು ಕಡೆ ಅಡಿಕೆ ಹಾಳೆಯ ತಟ್ಟೆ ಒತ್ತುವ ಸಣ್ಣ ಘಟಕಗಳು. ಖರೀದಿಸುವವರು ಬೆಂಗಳೂರಿನಲ್ಲಿ ಒಬ್ಬರು, ಪುಣೆಯಲ್ಲಿ ಒಬ್ಬರು. ಇಬ್ಬರೂ ಆನ್‌ಲೈನ್‌ನಲ್ಲಿ ಮಾರುವವರು, ಆದ್ದರಿಂದ ಆರ್ಡರ್, ದಾಸ್ತಾನು, ಬಿಲ್ಲು ಎಲ್ಲವೂ ಕಂಪ್ಯೂಟರಿನಿಂದ ಕಂಪ್ಯೂಟರಿಗೇ ಬರಬೇಕು ಎಂಬುದು ಅವರ ಷರತ್ತು.

ಮೊದಲು ಮಾಡಿದ್ದು ಮಾಸ್ಟರ್ ಪಟ್ಟಿ. ಪ್ರತಿ ಮಾಲಿಗೆ ಒಂದೇ ಸಾಲು: ನಮ್ಮ ಕೋಡ್, ಬೆಂಗಳೂರಿನವರ ಕೋಡ್, ಪುಣೆಯವರ ಕೋಡ್, ಆಕಾರ, ಅಳತೆ, ಕಟ್ಟಿಗೆ ಎಷ್ಟು, ಪೆಟ್ಟಿಗೆಗೆ ಎಷ್ಟು ಕಟ್ಟು, ಪೆಟ್ಟಿಗೆಯ ಉದ್ದ ಅಗಲ ಎತ್ತರ, ತೂಕ. ಮೂಲ ಅಳತೆ ಯಾವಾಗಲೂ ಬಿಡಿ ತಟ್ಟೆ. ಆರ್ಡರಿನಲ್ಲೂ ಬಿಲ್ಲಿನಲ್ಲೂ ಬಿಡಿ ತಟ್ಟೆಯ ಸಂಖ್ಯೆಯೇ ಇರಬೇಕು, ಅದು ಪೆಟ್ಟಿಗೆಯ ಗುಣಕವಾಗಿರಬೇಕು. 10 ಇಂಚಿನದ್ದು ಪೆಟ್ಟಿಗೆಗೆ 500, 12 ಇಂಚಿನದ್ದು 250. ಹೀಗಾಗಿ 10 ಇಂಚಿನ ಸಾಲಿನಲ್ಲಿ 12 ಎಂದು ಬಂದರೆ ಈಗ ನಮ್ಮ ಗೂಗಲ್ ಶೀಟ್ ತಾನೇ ತಿರಸ್ಕರಿಸುತ್ತದೆ.

ಬಾರ್‌ಕೋಡ್ ವಿಷಯದಲ್ಲಿ ಒಂದು ಎಚ್ಚರ. ಚಿಲ್ಲರೆ ಕಟ್ಟಿನ ಮೇಲಿನ ಸಂಖ್ಯೆ 13 ಅಂಕಿಯದು, ಬಾರ್‌ಕೋಡ್ ಸಂಖ್ಯೆ ಕೊಡುವ ಜಿಎಸ್1 ಇಂಡಿಯಾ ಸಂಸ್ಥೆಯಿಂದ ಪಡೆದದ್ದಾದರೆ 890ರಿಂದ ಶುರುವಾಗುತ್ತದೆ. ಪೆಟ್ಟಿಗೆಗೆ 14 ಅಂಕಿಯದು ಬೇಕು. 13 ಅಂಕಿಯ ಮುಂದೆ ಸುಮ್ಮನೆ 1 ಸೇರಿಸಿದರೆ ಸ್ಕ್ಯಾನರ್ ಒಪ್ಪುವುದಿಲ್ಲ. ಕೊನೆಯ ಅಂಕಿ ತಾಳೆ ನೋಡುವ ಅಂಕಿ, ಅದನ್ನು ತೆಗೆದು, ಮುಂದೆ 1 ಸೇರಿಸಿ, ಮತ್ತೆ ಲೆಕ್ಕ ಹಾಕಿ ಹೊಸ ಅಂಕಿ ಕೂರಿಸಬೇಕು. ಇನ್ನು ಈ ಸಂಖ್ಯೆಗಳಿರುವ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರ ತೆರೆದು ಸೇವ್ ಮಾಡಬೇಡಿ. 13 ಅಂಕಿಯ ಸಂಖ್ಯೆ 8.90ಇ+12 ಎಂದು ಮೊಟಕಾಗಿ ಹಾಗೇ ಉಳಿದುಬಿಡುತ್ತದೆ, ಆಮೇಲೆ ಮೂಲ ಸಂಖ್ಯೆ ಸಿಗುವುದಿಲ್ಲ. ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಹೇಳಿ ಇಂಪೋರ್ಟ್ ಮಾಡಬೇಕು.

ನಿಜವಾದ ಕಷ್ಟ ಇದ್ದದ್ದು ದಾಸ್ತಾನಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಯಾವ ಸಿದ್ಧ ಸಾಫ್ಟ್‌ವೇರೂ ಇದನ್ನು ತಾನಾಗಿ ನೋಡಿಕೊಳ್ಳುವುದಿಲ್ಲ.

ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಬೀಳಿಸುತ್ತದೆ. ಬಿದ್ದ ಹಾಳೆಯಲ್ಲಿ ನಾವು ಮಾಡುವ ವಿಂಗಡಣೆ ಅಗಲದ ಮೇಲೆ. 14 ಇಂಚಿಗಿಂತ ಅಗಲದ್ದು ದೊಡ್ಡ ಹಾಳೆ, ಅದರಲ್ಲಿ 12 ಇಂಚಿನ ಒಂದು ತಟ್ಟೆ ಬರುತ್ತದೆ, ಉಳಿದ ತುದಿಯಲ್ಲಿ 6 ಇಂಚಿನ ಒಂದು ಬಟ್ಟಲು. 12ರಿಂದ 14 ಇಂಚಿನದ್ದು ನಡು ಹಾಳೆ, 10 ಇಂಚಿನ ಒಂದು ತಟ್ಟೆ ಮತ್ತು ಒಂದು ಬಟ್ಟಲು. ಅದಕ್ಕಿಂತ ಕಿರಿದಾದ್ದರಲ್ಲಿ ಬಟ್ಟಲು ಮಾತ್ರ. ಖರೀದಿದಾರರ ವ್ಯವಸ್ಥೆಗೆ 12 ಇಂಚು, 10 ಇಂಚು, 6 ಇಂಚು ಮೂರೂ ಬೇರೆ ಬೇರೆ ಮಾಲು, ಒಂದಕ್ಕೊಂದು ಸಂಬಂಧವಿಲ್ಲ. ನಮಗೆ ಮೂರೂ ಒಂದೇ ಹಾಳೆಯ ತುಂಡುಗಳು.

ಉದಾಹರಣೆ ನೋಡಿ. ಅಟ್ಟದಲ್ಲಿ 2,000 ದೊಡ್ಡ ಹಾಳೆ, 3,000 ನಡು ಹಾಳೆ ಇವೆ. 12 ಇಂಚಿನದ್ದು ಎಷ್ಟು ಕೊಡಬಹುದು? 2,000. 10 ಇಂಚಿನದ್ದು? 5,000, ಯಾಕೆಂದರೆ ದೊಡ್ಡ ಹಾಳೆಯಲ್ಲೂ 10 ಇಂಚು ಒತ್ತಬಹುದು. ಎರಡೂ ಉತ್ತರ ಸರಿ. ಆದರೆ ಎರಡನ್ನೂ ಹಾಗೇ ಆನ್‌ಲೈನ್‌ಗೆ ಹಾಕಿದರೆ 5,000 ಹಾಳೆಗೆ 7,000 ತಟ್ಟೆ ಮಾರಿದ ಹಾಗೆ. ಬೆಂಗಳೂರಿನವರು 10 ಇಂಚಿನ 4,000 ಕೇಳಿದರು ಎನ್ನಿ. ನಡು ಹಾಳೆ 3,000 ಮುಗಿದು, ದೊಡ್ಡದರಿಂದ 1,000 ಹೋಯಿತು. ಆ ಕ್ಷಣದಿಂದ 12 ಇಂಚಿನದ್ದು ಉಳಿದದ್ದು 1,000. ಪುಣೆಯವರ ಪರದೆಯಲ್ಲಿ ಮಾತ್ರ ಇನ್ನೂ 2,000 ತೋರಿಸುತ್ತಿದೆ, ಅವರು ಅದನ್ನು ನಂಬಿ ಮದುವೆ ಮನೆಯವರಿಗೆ ಮಾತು ಕೊಟ್ಟುಬಿಡುತ್ತಾರೆ.

ಆದ್ದರಿಂದ ದಾಸ್ತಾನಿನ ಶೀಟಿನಲ್ಲಿ ತಟ್ಟೆಯ ಲೆಕ್ಕವನ್ನು ಎರಡಾಗಿ ಒಡೆದೆವು. ಒಂದು, ಒತ್ತಿ, ಅಂಚು ಕತ್ತರಿಸಿ, ಒಣಗಿಸಿ, ಕಟ್ಟು ಮಾಡಿ ಆದ ಸಿದ್ಧ ಮಾಲು. ಇನ್ನೊಂದು, ಹಾಳೆಯಾಗಿ ಇರುವುದು. ಸಿದ್ಧ ಮಾಲನ್ನು ಇದ್ದ ಹಾಗೆ ತೋರಿಸುತ್ತೇವೆ. ಹಾಳೆಯಿಂದ ಬರುವುದನ್ನು ತೋರಿಸುವಾಗ ಮೊದಲು ನೂರಕ್ಕೆ 15 ಕಳೆಯುತ್ತೇವೆ, ಬಿರುಕು, ಕಲೆ, ಒತ್ತುವಾಗ ಸೀಳುವುದು ಇವಕ್ಕೆ. ಯಾವುದೇ ಆರ್ಡರ್ ಒಪ್ಪಿದ ಕೂಡಲೇ ಹಾಳೆಯ ಸಂಖ್ಯೆಯಿಂದ ಕಡಿತ. 10 ಇಂಚಿಗೆ ಮೊದಲು ನಡು ಹಾಳೆ, ಅದು ಮುಗಿದ ಮೇಲಷ್ಟೇ ದೊಡ್ಡದು. ಸಂಜೆಯವರೆಗೆ ಕಾಯುವ ಹಾಗಿಲ್ಲ. ದಾಸ್ತಾನಿನ ಅಂಕಿಯನ್ನು ಖರೀದಿದಾರರಿಗೆ ಮೊದಲು ದಿನಕ್ಕೊಮ್ಮೆ ಕಳಿಸುತ್ತಿದ್ದೆವು, ಒಂದೇ ಮಧ್ಯಾಹ್ನ ಇಬ್ಬರಿಗೂ ಅದೇ ಹಾಳೆಯನ್ನು ಮಾರಿದ ಮೇಲೆ ಅರ್ಧ ಗಂಟೆಗೊಮ್ಮೆ ಮಾಡಿದೆವು. ಗೂಗಲ್ ಶೀಟ್, ಅದರೊಳಗೆ ಪುಟ್ಟ ಪ್ರೋಗ್ರಾಂ ಬರೆಯುವ ಆ್ಯಪ್ಸ್ ಸ್ಕ್ರಿಪ್ಟ್, ಇಷ್ಟೇ ಸಲಕರಣೆ. ಬೆಂಗಳೂರಿನವರಿಗೆ ಎಪಿಐ (ಎರಡು ಸಾಫ್ಟ್‌ವೇರ್‌ಗಳು ನೇರವಾಗಿ ಮಾಹಿತಿ ಕೊಟ್ಟು ಪಡೆಯುವ ದಾರಿ) ಮೂಲಕ ಹೋಗುತ್ತದೆ, ಪುಣೆಯವರಿಗೆ ಸಿಎಸ್‌ವಿ ಫೈಲಾಗಿ.

ಬಟ್ಟಲಿನ ವಿಷಯ ತಿರುಗುಮುರುಗು. ದೊಡ್ಡ ತಟ್ಟೆಯ ಆರ್ಡರ್ ಬಂದಷ್ಟೂ ಬಟ್ಟಲು ತಾನಾಗಿ ರಾಶಿ ಬೀಳುತ್ತದೆ. ಇದನ್ನು ಖರೀದಿದಾರರಿಗೆ ವಿವರಿಸಿ, 10 ಇಂಚಿನ ಪ್ರತಿ 1,000ಕ್ಕೆ ಬಟ್ಟಲು ಎಷ್ಟು ಎತ್ತುತ್ತೀರಿ ಎಂದು ಒಪ್ಪಂದದಲ್ಲೇ ಬರೆಸಿದೆವು. ಈ ಒಂದು ಸಾಲು ಬರೆಸದವರ ಘಟಕದಲ್ಲಿ ಮಳೆಗಾಲಕ್ಕೆ ಬಟ್ಟಲಿನ ಗುಡ್ಡೆ ಇರುತ್ತದೆ.

ಮಳೆಗಾಲದ ಲೆಕ್ಕವೇ ಬೇರೆ. ಹಾಳೆ ಸಂಗ್ರಹಕ್ಕೆ ನಮ್ಮ ಕಡೆಯ ಗಡು ಪತ್ತನಾಜೆ, ಅಂದರೆ ಮೇ ಕೊನೆಯ ವಾರ. ಅದರೊಳಗೆ ಹಾಳೆ ಒಣಗಿ ಅಟ್ಟ ಸೇರಬೇಕು. ಅಲ್ಲಿಂದ ಮುಂದೆ ಬಿದ್ದ ಹಾಳೆಗೆ ಬೂಸಲು ಹಿಡಿಯುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಮಳೆಗೆ ಕರೆಂಟ್ ಹೋದರೆ ಅಚ್ಚು ತಣಿಯುತ್ತದೆ, ಮತ್ತೆ ಬಿಸಿಯಾಗುವವರೆಗೆ ಕೆಲಸ ನಿಲ್ಲುತ್ತದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನ ಲಾರಿ ಸುತ್ತಿ ಹೋಗಬೇಕು. ಆದರೆ ಖರೀದಿದಾರರ ವ್ಯವಸ್ಥೆಯಲ್ಲಿ ಸಿದ್ಧತೆಗೆ ಬೇಕಾದ ದಿನ ಎಂಬುದು ಒಂದೇ ಅಂಕಿ, ವರ್ಷವಿಡೀ ಅದೇ. ಮಳೆ ಬಿಟ್ಟ ತಿಂಗಳುಗಳಲ್ಲಿ 3 ದಿನ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 8 ದಿನ ಎಂದು ಎರಡು ಅಂಕಿ ಇಟ್ಟುಕೊಂಡು, ಜೂನ್ 1ಕ್ಕೆ ಬದಲಿಸುವ ಜವಾಬ್ದಾರಿಯನ್ನು ಎರಡೂ ಕಡೆ ಒಬ್ಬೊಬ್ಬರ ಹೆಸರಿಗೆ ಬರೆದೆವು.

ಆರ್ಡರ್ ಬಂದಮೇಲಿನ ದಾರಿ ನಾಲ್ಕು ಕಾಗದಗಳದ್ದು: ಆರ್ಡರ್, ಅದಕ್ಕೆ ಒಪ್ಪಿಗೆ, ಮಾಲು ಹೊರಟ ಮುನ್ಸೂಚನೆ, ಬಿಲ್ಲು. ದೊಡ್ಡ ಕಂಪನಿಗಳು ವ್ಯಾಪಾರದ ಕಾಗದಗಳನ್ನು ಕಂಪ್ಯೂಟರಿನಲ್ಲೇ ಕಳಿಸಿಕೊಳ್ಳುವ ಇಡಿಐ ಪದ್ಧತಿಯಲ್ಲಿ ಇವಕ್ಕೇ 850, 855, 856, 810 ಎಂಬ ಸಂಖ್ಯೆಗಳು. ನಮಗೆ ಇಡಿಐಯ ಖರ್ಚು ಬೇಡವೆನಿಸಿತು, ಆದರೆ ನಾಲ್ಕರಲ್ಲಿ ಒಂದನ್ನೂ ಬಿಡಲಿಲ್ಲ. ಸಣ್ಣ ಘಟಕಗಳು ಸಾಮಾನ್ಯವಾಗಿ ಒಪ್ಪಿಗೆಯನ್ನು ಬಿಟ್ಟುಬಿಡುತ್ತವೆ, ಫೋನಿನಲ್ಲಿ ಹೇಳಿದರಾಯಿತಲ್ಲ ಎಂದು. ಅದು ತಪ್ಪು. ಒಪ್ಪಿಗೆ ಸಾಲುಸಾಲಿಗೂ ಬೇಕು: ಪೂರ್ತಿ ಕೊಡುತ್ತೇವೆ, ಇಷ್ಟು ಮಾತ್ರ ಇಂಥ ದಿನ ಕೊಡುತ್ತೇವೆ, ಅಥವಾ ಆಗುವುದಿಲ್ಲ. ಕೆಲಸದ ಹೊತ್ತಿನ ನಾಲ್ಕು ಗಂಟೆಯೊಳಗೆ ಹೋಗಬೇಕು.

ಇಲ್ಲಿ ಎರಡು ತೊಂದರೆ ಕಂಡವು. ನಮ್ಮ ಉತ್ತರ ತಡವಾದರೆ ಅವರ ವ್ಯವಸ್ಥೆ ಅದೇ ಆರ್ಡರನ್ನು ಮತ್ತೆ ಕಳಿಸುತ್ತದೆ, ನಮ್ಮ ಶೀಟ್ ಅದನ್ನು ಹೊಸದೆಂದು ತಿಳಿದು ಎರಡು ಸಲ ಹಾಳೆ ಕಡಿತ ಮಾಡುತ್ತದೆ. ಈಗ ಖರೀದಿದಾರರ ಕೋಡ್, ಆರ್ಡರ್ ಸಂಖ್ಯೆ, ಸಾಲಿನ ಸಂಖ್ಯೆ ಮೂರನ್ನೂ ಸೇರಿಸಿ ಒಂದು ಗುರುತು ಮಾಡಿದ್ದೇವೆ. ಅದೇ ಗುರುತು ಮೊದಲೇ ಇದ್ದರೆ ಸ್ಕ್ರಿಪ್ಟ್ ಹಳೆಯ ಉತ್ತರವನ್ನೇ ಮತ್ತೆ ಕಳಿಸುತ್ತದೆ. ಎರಡನೆಯದು, ಎಪಿಐಯ ಟೋಕನ್, ಅಂದರೆ ಅನುಮತಿಯ ಗುಪ್ತ ಕೋಡ್, ಅವಧಿ ಮುಗಿದು ದಾಸ್ತಾನು ಹೋಗುವುದೇ ನಿಂತಿತು, ಯಾರಿಗೂ ಗೊತ್ತಾಗಲಿಲ್ಲ, ಪರದೆಯಲ್ಲಿ ಹಳೆಯ ಅಂಕಿ ಹಾಗೇ ಇತ್ತು. ಆಮೇಲೆ ಪ್ರತಿ ಅಂಕಿಯ ಜೊತೆ ಸಮಯವನ್ನೂ ಕಳಿಸತೊಡಗಿದೆವು. 24 ಗಂಟೆಗಿಂತ ಹಳೆಯದಾದರೆ ಅವರ ಕಡೆ ದಾಸ್ತಾನು ಸೊನ್ನೆ ಎಂದೇ ತೋರಬೇಕು. ಒಂದು ದಿನದ ವ್ಯಾಪಾರ ಹೋದರೆ ಹೋಗಲಿ, ಇಲ್ಲದ ಮಾಲು ಮಾರಬಾರದು.

ವಿಳಾಸದ ಬಗ್ಗೆ ಗಡಿಯವರು ಹೆಚ್ಚು ಜಾಗ್ರತೆ ವಹಿಸಬೇಕು. ನಮ್ಮದು ಕೇರಳ, ಜಿಎಸ್‌ಟಿ ಸಂಖ್ಯೆ 32ರಿಂದ ಶುರು. ವಿಳಾಸ ಕನ್ನಡದಲ್ಲಿ ಕಂಡ ಡೇಟಾ ಎಂಟ್ರಿಯವರು ರಾಜ್ಯ ಕರ್ನಾಟಕ, 29 ಎಂದು ತುಂಬಿಬಿಡುತ್ತಾರೆ. ಒಂದೊಂದು ಊರಿನ ಹೆಸರೂ ಎರಡೆರಡು ಬಗೆ: ಕುಂಬಳೆ ಅಥವಾ ಕುಂಬ್ಳ, ಮಂಜೇಶ್ವರ ಅಥವಾ ಮಂಜೇಶ್ವರಂ. ನಾವು ಹೆಸರಿನಿಂದ ಹುಡುಕುವುದನ್ನೇ ಬಿಟ್ಟು ಪ್ರತಿ ಘಟಕಕ್ಕೆ ಒಂದು ಸ್ಥಳ ಕೋಡ್ ಕೊಟ್ಟೆವು; ಜೊತೆಗೆ ಪಿನ್ ಕೋಡ್ 671ರಿಂದ ಶುರುವಾಗಿ ರಾಜ್ಯ ಕೋಡ್ 32 ಅಲ್ಲದಿದ್ದರೆ ಸಾಲು ಕೆಂಪಾಗುತ್ತದೆ.

ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸುವಾಗ ಮೂರು ಮಾತು ಮುಖ್ಯ: ಆರ್ಡರ್ ಸಂಖ್ಯೆ, ಒಟ್ಟು ಪೆಟ್ಟಿಗೆಗಳಲ್ಲಿ (40 ಇದ್ದರೆ 40ರಲ್ಲಿ) ಇದು ಎಷ್ಟನೆಯದು, ಬ್ಯಾಚ್. ಬ್ಯಾಚ್‌ನಲ್ಲಿ ಘಟಕದ ಅಕ್ಷರ, ಒತ್ತಿದ ತಾರೀಕು, ಅಚ್ಚಿನ ಸಂಖ್ಯೆ ಇರುತ್ತವೆ. ಒಮ್ಮೆ ಪುಣೆಯಲ್ಲಿ ಬೂಸಲು ಬಂದ ಪೆಟ್ಟಿಗೆಗಳು ಸಿಕ್ಕವು. ಬ್ಯಾಚ್ ನೋಡಿದಾಗ ಎಲ್ಲವೂ ಒಂದೇ ಘಟಕದ, ಎರಡು ದಿನದ ಮಾಲು. ಒತ್ತಿದ ತಟ್ಟೆ ಪೂರ್ತಿ ಆರುವ ಮೊದಲೇ ಪ್ಲಾಸ್ಟಿಕ್ ಸುತ್ತಿದ್ದರಿಂದ ಒಳಗಿನ ಪಸೆ ಹೊರಹೋಗಿರಲಿಲ್ಲ. ಅಷ್ಟು ಪೆಟ್ಟಿಗೆಗಳನ್ನಷ್ಟೇ ವಾಪಸು ಕರೆಸಿದರೆ ಸಾಕಾಯಿತು. ಬ್ಯಾಚ್ ಇಲ್ಲದಿದ್ದರೆ ಇಡೀ ಲಾರಿ ಹಿಂದೆ ಬರುತ್ತಿತ್ತು. ಹೊರದೇಶಕ್ಕೆ ಕಳಿಸುವ ಖರೀದಿದಾರರಿದ್ದರೆ ಮಾಲು ಹೋಗುವ ದೇಶದ ಕಾಲಮ್ಮೂ ಇರಲಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆಯಲ್ಲಿ ಆಹಾರ ಬಡಿಸಲು ಅಲ್ಲಿ ಅನುಮತಿಯಿಲ್ಲವೆಂದು ಹೇಳಿತು.

ಬಿಲ್ಲಿನಲ್ಲಿ ಸಿಕ್ಕಿಕೊಂಡದ್ದು ಅನಿರೀಕ್ಷಿತ ಜಾಗದಲ್ಲಿ. ಎಲೆ, ಹೂ, ತೊಗಟೆಯಿಂದ ಮಾಡಿದ ತಟ್ಟೆ, ಬಟ್ಟಲಿಗೆ 2019ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಇಲ್ಲ. ಹಾಗಾಗಿ ನಾವು ಕೊಡಬೇಕಾದದ್ದು ತೆರಿಗೆ ಇನ್‌ವಾಯ್ಸ್ ಅಲ್ಲ, ಬಿಲ್ ಆಫ್ ಸಪ್ಲೈ. ಖರೀದಿದಾರರ ವ್ಯವಸ್ಥೆಯಲ್ಲಿ ಆ ಬಗೆಯ ಬಿಲ್ಲೇ ಇರಲಿಲ್ಲ, ತೆರಿಗೆ ದರ ಖಾಲಿ ಎಂದು ತಡೆಹಿಡಿಯಿತು. ಅವರು ಸೊನ್ನೆ ದರದ ಪ್ರತ್ಯೇಕ ವಿಧ ಸೇರಿಸುವವರೆಗೆ ಹಣ ನಿಂತಿತು. ಇದನ್ನು ಮೊದಲ ಆರ್ಡರಿಗಿಂತ ಮುಂಚೆ, ಒಂದು ರೂಪಾಯಿಯ ಪರೀಕ್ಷಾ ಬಿಲ್ಲು ಕಳಿಸಿ ನೋಡಬೇಕು. ಪೂರ್ತಿ ವಿನಾಯಿತಿಯ ಮಾಲನ್ನೇ ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಸರಕು ಸಾಗಣೆಯ ಇ-ವೇ ಬಿಲ್ಲೂ ಕಡ್ಡಾಯವಲ್ಲ. ಆದರೆ ಖರೀದಿದಾರರ ಫಾರ್ಮ್ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇಲ್ಲದೆ ಮುಂದೆ ಹೋಗುವುದಿಲ್ಲ. ನಾವು ಸ್ವಇಚ್ಛೆಯಿಂದ ನೋಂದಣಿ ಮಾಡಿಸಿದೆವು.

ಹಣ ಬರುವುದು ಆರ್ಡರ್, ಬಿಲ್ಲು, ಅವರ ಗೋದಾಮಿನ ಸ್ವೀಕೃತಿ ಮೂರೂ ತಾಳೆಯಾದಾಗ. ನಾವು ಕಳಿಸಿದ್ದು 40 ಪೆಟ್ಟಿಗೆ, ಅವರು ಸ್ಕ್ಯಾನ್ ಮಾಡಿದ್ದು 39 ಆದರೆ ಪೂರ್ತಿ ಬಿಲ್ಲೇ ನಿಲ್ಲುತ್ತದೆ. ಪೆಟ್ಟಿಗೆಗೆ ಕ್ರಮಸಂಖ್ಯೆ ಇದ್ದರೆ ಇಲ್ಲದ್ದು ಯಾವುದೆಂದು ಅದೇ ದಿನ ಹೇಳಬಹುದು. ಸ್ವೀಕೃತಿಯ ತಾರೀಕನ್ನು ಅವರ ವ್ಯವಸ್ಥೆಯಿಂದ ತಪ್ಪದೆ ಪಡೆದುಕೊಳ್ಳಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಸಣ್ಣ ಉತ್ಪಾದಕರಿಗೆ ಹಣ ಕೊಡುವ ಗಡುವು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ, ಮತ್ತು ದಿನ ಎಣಿಸುವುದು ಮಾಲು ಒಪ್ಪಿಕೊಂಡ ದಿನದಿಂದ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ ಸಂಖ್ಯೆ) ಅಚ್ಚು ಹಾಕಿ, ಆ ಸಂಖ್ಯೆ ಅವರ ಮಾಸ್ಟರಿನಲ್ಲಿ ಸೇರಿದೆಯೇ ಎಂದು ಕೇಳಿ ನೋಡಿದ ಮೇಲೆ ನಮ್ಮ ಬಾಕಿ ಗಡುವಿನೊಳಗೆ ಬರತೊಡಗಿತು.

ಈಗ ಹಾಳೆ ತರುವವರ ಲೆಕ್ಕವನ್ನೂ ಅದೇ ಶೀಟಿಗೆ ಸೇರಿಸುತ್ತಿದ್ದೇವೆ. ತೋಟದಿಂದ ಹೊರಡುವಾಗಲೇ ದೊಡ್ಡದು, ನಡು, ಕಿರಿದು ಎಷ್ಟೆಷ್ಟು ಎಂದು ಫೋನಿನ ಫಾರ್ಮಿನಲ್ಲಿ ತುಂಬಿದರೆ, ಅಟ್ಟ ಸೇರುವ ಎರಡು ದಿನ ಮೊದಲೇ ನಮಗೆ ತಿಳಿಯುತ್ತದೆ. ಶೀರ್ಷಿಕೆಗಳು ಕನ್ನಡ, ಮಲಯಾಳ ಎರಡರಲ್ಲೂ ಇವೆ. ಸಂಖ್ಯೆಯನ್ನು ಮಾತ್ರ 1, 2, 3 ಎಂದೇ ಒತ್ತಬೇಕು. ಕೆಲವರು ಕನ್ನಡ ಕೀಲಿಮಣೆಯಲ್ಲಿ ೨೫೦ ಎಂದು ಬರೆಯುತ್ತಾರೆ, ಶೀಟ್ ಅದನ್ನು ಅಕ್ಷರವೆಂದುಕೊಂಡು ಮೊತ್ತಕ್ಕೆ ಸೇರಿಸುವುದಿಲ್ಲ. ಆ ಕಾಲಮ್ಮಿಗೆ ಅಂಕಿ ಮಾತ್ರ ಎಂಬ ನಿರ್ಬಂಧ ಮೊದಲೇ ಹಾಕಿಡಿ.