ಛಾವಣಿ ಹತ್ತದೆ ಚಿಮಣಿಯ ಮಸಿ ತೆಗೆಯುವುದು

ಅರುವತ್ತು ದಾಟಿದ ಮೇಲೆ ನಾನು ಛಾವಣಿ ಹತ್ತುವುದನ್ನು ಬಿಟ್ಟೆ. ಅದಕ್ಕೂ ಮೊದಲೇ ಬಿಡಬಹುದಿತ್ತು ಎಂದು ಈಗ ಅನಿಸುತ್ತದೆ. ಏಕೆಂದರೆ ಸೌದೆ ಒಲೆಯ ಚಿಮಣಿಯನ್ನು ಮೇಲಿನಿಂದಲೇ ಉಜ್ಜಬೇಕೆಂಬ ಕಟ್ಟಳೆ ಏನೂ ಇಲ್ಲ, ಒಲೆಯ ಬಾಯಿಂದಲೋ ಕೊಳವೆಯ ಬುಡದಲ್ಲಿರುವ ಮುಚ್ಚಳದ ಕಡೆಯಿಂದಲೋ ಬ್ರಷ್ ತೂರಿಸಿ ಕೆಳಗಿನಿಂದಲೂ ಅಷ್ಟೇ ಚೊಕ್ಕವಾಗಿ ಮಸಿ ಇಳಿಸಬಹುದು. ಆದರೆ ಮೇಲೆ ಹತ್ತಿದವರಿಗೆ ಇರುವ ಒಂದು ಅನುಕೂಲ ಕೆಳಗೆ ನಿಂತವರಿಗೆ ಇರುವುದಿಲ್ಲ: ಅವರು ಕೊಳವೆಯೊಳಗೆ ಇಣುಕಿ ನೋಡಬಲ್ಲರು. ಆ ನೋಟದ ಕೊರತೆಯನ್ನು ಅಳತೆಯಿಂದ, ಎಣಿಕೆಯಿಂದ ಮತ್ತು ಒಂದು ಸಣ್ಣ ಕನ್ನಡಿಯಿಂದ ನಾವು ತುಂಬಿಕೊಳ್ಳಬೇಕಾಗುತ್ತದೆ. ಕೆಳಗಿನಿಂದ ಚಿಮಣಿ ಗುಡಿಸುವ ಕೆಲಸದಲ್ಲಿ ತೋಳಿನ ಬಲಕ್ಕಿಂತ ಈ ಲೆಕ್ಕಾಚಾರವೇ ಮುಖ್ಯ.

ಕೊಳವೆಯಲ್ಲಿ ಕಟ್ಟಿಕೊಳ್ಳುವುದು ಬರಿಯ ಮಸಿಯಲ್ಲ. ಸೌದೆ ಪೂರ್ತಿಯಾಗಿ ಉರಿಯದೆ ಹೊಗೆಯಾಡಿದಾಗ ನೀರಾವಿಯೊಡನೆ ಡಾಂಬರಿನಂಥ ಅಂಟು ಆವಿಗಳೂ ಮೇಲೇರುತ್ತವೆ. ದಾರಿಯಲ್ಲಿ ಹೊಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಕ್ಕೆ ತಣಿದರೆ ಆ ಆವಿಗಳು ಕೊಳವೆಯ ಗೋಡೆಗೆ ಅಂಟಿಕೊಂಡು ಕ್ರಿಯೋಸೋಟ್ ಎಂಬ, ಸುಲಭವಾಗಿ ಹೊತ್ತಿ ಉರಿಯಬಲ್ಲ ಪದರವಾಗುತ್ತವೆ. ಈ ಪದರ 3 ಮಿಲಿಮೀಟರ್ ದಪ್ಪವಾದಾಗ ಚಿಮಣಿಯನ್ನು ಗುಡಿಸಲೇಬೇಕು. 6 ಮಿಲಿಮೀಟರ್ ಆದರೆ ಚಿಮಣಿಯೊಳಗೇ ಬೆಂಕಿ ಹೊತ್ತಿಕೊಳ್ಳಲು ಅಷ್ಟು ಸಾಕು, ಮತ್ತು ಅಂಥ ಬೆಂಕಿಯ ಶಾಖ 1000 ಡಿಗ್ರಿಯನ್ನೂ ಮೀರಬಲ್ಲದು. ಕೊಳವೆಯ ಮೇಲ್ತುದಿ ಹೊರಗಿನ ಚಳಿಗೆ ಒಡ್ಡಿಕೊಂಡಿರುವುದರಿಂದ ಪದರ ಹೆಚ್ಚು ದಪ್ಪವಾಗಿ ಕಟ್ಟುವುದು ಸಾಮಾನ್ಯವಾಗಿ ಅಲ್ಲಿಯೇ, ಅಂದರೆ ಕೆಳಗೆ ನಿಂತವರ ಕೈಗೆ ಎಲ್ಲಕ್ಕಿಂತ ದೂರದಲ್ಲಿ.

ಕೆಲಸ ಹಿಡಿಯುವ ಮೊದಲು ಒಳಗಿರುವುದು ಯಾವ ಬಗೆಯ ಮಸಿ ಎಂದು ತಿಳಿದುಕೊಳ್ಳಿ. ಬುಡದ ಮುಚ್ಚಳ ತೆಗೆದು, ಕನ್ನಡಿ ಹಿಡಿದು, ಟಾರ್ಚ್ ಬೆಳಕು ಬಿಟ್ಟು, ಒಂದು ಉದ್ದನೆಯ ಕಡ್ಡಿಯಿಂದ ಗೋಡೆಯನ್ನು ಮೆಲ್ಲಗೆ ಕೆರೆದು ನೋಡಿ. ಪುಡಿಪುಡಿಯಾಗಿ ಉದುರಿದರೆ ಚಿಂತೆಯಿಲ್ಲ, ಯಾವ ಬ್ರಷ್ಷಾದರೂ ಸಾಕು. ಗರಿಗರಿಯಾದ ಕಪ್ಪು ಹೊಪ್ಪಳೆಗಳಾಗಿ ಎದ್ದರೆ ಸ್ವಲ್ಪ ಶ್ರಮಪಟ್ಟು ತೆಗೆಯಬಹುದು. ಆದರೆ ಕರಗಿದ ಡಾಂಬರು ಹರಿದು ಗಟ್ಟಿಯಾದಂತೆ ನುಣ್ಣಗೆ ಹೊಳೆಯುತ್ತಿದ್ದು, ಕಡ್ಡಿ ಅದರ ಮೇಲೆ ಜಾರಿದರೆ, ಬ್ರಷ್ಷನ್ನು ಎತ್ತಿಟ್ಟು ಅನುಭವಿ ಕೆಲಸಗಾರರನ್ನು ಕರೆಸಿ. ಅದನ್ನು ಉಜ್ಜಿದರೆ ಮೇಲ್ಮೈ ಇನ್ನಷ್ಟು ನಯವಾಗುತ್ತದೆಯೇ ಹೊರತು ಕಿತ್ತು ಬರುವುದಿಲ್ಲ. ಒಲೆಗೆ ಹಾಕುವ ಪುಡಿಗಳೂ ಸಿಂಪಡಿಸುವ ದ್ರವಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ಅವು ಅಂಟನ್ನು ಒಣಗಿಸಿ ಬಿರುಕುಬಿಡಿಸುವ ಮಟ್ಟಿಗೆ ಉಪಯುಕ್ತವಾಗಿದ್ದರೂ ಸಡಿಲಗೊಂಡದ್ದನ್ನು ಕೆಳಗೆ ತರಲು ಮತ್ತೆ ಬ್ರಷ್ಷೇ ಬೇಕು.

ಸಾಧನಗಳ ವಿಷಯದಲ್ಲಿ ಜಿಪುಣತನ ಬೇಡ. ಬಾಗುವ ರಾಡುಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಹೋಗುವ ಸೆಟ್ಟು ಬೇಕು, ಮತ್ತು ಬ್ರಷ್ಷಿನ ಅಗಲ ಕೊಳವೆಯ ಒಳ ಅಗಲಕ್ಕೆ ಸರಿಯಾಗಿರಬೇಕು. ತುಕ್ಕುಹಿಡಿಯದ ಉಕ್ಕಿನ ಕೊಳವೆಗೆ ಪ್ಲಾಸ್ಟಿಕ್ ಎಳೆಗಳ ಬ್ರಷ್ ಒಳ್ಳೆಯದು, ತಂತಿಯ ಬ್ರಷ್ ಅದರ ಮೈಯನ್ನು ಗೀರಿಹಾಕುತ್ತದೆ. ಇಟ್ಟಿಗೆ ಅಥವಾ ಸುಟ್ಟ ಜೇಡಿಯ ಒಳಪದರವಿರುವ ಚಿಮಣಿಗೆ ತಂತಿಯದೇ ನಡೆಯುತ್ತದೆ. ಕೆಳಗಿನಿಂದ ಮಾಡುವ ಕೆಲಸಕ್ಕೆ ನನಗೆ ಹೆಚ್ಚು ಹಿಡಿಸಿರುವುದು ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುವ ಬಗೆ: ರಾಡಿನ ತುದಿಯ ತಲೆಗೆ ಗಟ್ಟಿ ನೈಲಾನ್ ಎಳೆಗಳಿದ್ದು, ಸುತ್ತುವಾಗ ಅವು ಚಾಟಿಯಂತೆ ಅಗಲಿಸಿ ಗೋಡೆಗೆ ಬಡಿಯುತ್ತವೆ. ದುಂಡನೆಯ ಬ್ರಷ್ಷನ್ನು ಕೆಳಗಿನಿಂದ ದೂಡಲು ತೋಳಿನಲ್ಲಿ ಕಸುವು ಬೇಕು. ಇದಕ್ಕೆ ಅಷ್ಟು ಬೇಡ, ಮತ್ತು ಸಣ್ಣ ಬಾಗುಗಳನ್ನು ಇದು ಸಲೀಸಾಗಿ ದಾಟುತ್ತದೆ.

ಇನ್ನು ಅಳತೆ. ಒಲೆಯ ಬಾಯಿಂದ ಚಿಮಣಿಯ ತುದಿಯವರೆಗೆ ಎಷ್ಟು ಮೀಟರ್ ಇದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ, ರಾಡುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ, ತುದಿ ಮುಟ್ಟುವ ಜಾಗದಲ್ಲಿ ಬಣ್ಣದ ಟೇಪು ಸುತ್ತಿ. ಅದಕ್ಕಿಂತ ಅರ್ಧ ಮೀಟರ್ ಮೊದಲೇ, ಬ್ರಷ್ಷಿನ ಕಡೆಗೆ, ಇನ್ನೊಂದು ಗುರುತು ಮಾಡಿ. ಬ್ರಷ್ಷಿನ ಕಡೆಯ ಈ ಗುರುತು ಕೈಗೆ ಬಂದಾಗ ನಿಧಾನಿಸಬೇಕು, ಟೇಪಿನ ಗುರುತು ಬಂದಾಗ ನಿಲ್ಲಿಸಬೇಕು. ಒಮ್ಮೆ ಈ ಗುರುತಿಲ್ಲದೆ ಹುಮ್ಮಸ್ಸಿನಲ್ಲಿ ದೂಡಿದ್ದಕ್ಕೆ ಚಿಮಣಿಯ ತಲೆಯ ಟೊಪ್ಪಿ ಕಳಚಿ ಅಂಗಳಕ್ಕೆ ಬಿತ್ತು, ಅದನ್ನು ಮತ್ತೆ ಕೂರಿಸಲು ಛಾವಣಿ ಹತ್ತಬಲ್ಲ ಒಬ್ಬನನ್ನು ಹುಡುಕಬೇಕಾಯಿತು.

ಒಲೆಯನ್ನು ಕಡೇಪಕ್ಷ ಎರಡು ದಿನ ಹೊತ್ತಿಸದೆ ಬಿಡಿ. ಮೇಲೆ ತಣ್ಣಗಿರುವ ಬೂದಿಯ ಒಳಗೆ ಕೆಂಡ ಹಲವು ದಿನ ಜೀವ ಹಿಡಿದುಕೊಂಡಿರಬಹುದಾದ್ದರಿಂದ, ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ತುಂಬಿ, ಮನೆಯ ಹೊರಗೆ, ಮರದ ನೆಲಕ್ಕೂ ಸೌದೆರಾಶಿಗೂ ದೂರವಾಗಿ, ಕಲ್ಲಿನ ಅಥವಾ ಕಾಂಕ್ರೀಟಿನ ಮೇಲೆ ಇಡಬೇಕು. ಪ್ಲಾಸ್ಟಿಕ್ ಬಕೆಟ್ಟು, ರಟ್ಟಿನ ಪೆಟ್ಟಿಗೆ ಎರಡೂ ಸಲ್ಲದು.

ಒಲೆಯೊಳಗೆ, ಬೆಂಕಿಗೂ ಕೊಳವೆಗೂ ನಡುವೆ, ಹೊಗೆಯ ದಾರಿಯನ್ನು ಸುತ್ತು ಮಾಡಲೆಂದು ಒಂದು ತಡೆಹಲಗೆ ಇರುತ್ತದೆ. ಅದನ್ನು ತೆಗೆಯದೆ ಗುಡಿಸುವುದೇ ಈ ಕೆಲಸದಲ್ಲಿ ನಾನು ಕಂಡಿರುವ ಅತಿ ಸಾಮಾನ್ಯ ತಪ್ಪು. ಮೊದಲ ವರ್ಷ ನಾನೂ ಅದನ್ನೇ ಮಾಡಿದೆ. ಉದುರಿದ ಮಸಿಯೆಲ್ಲ ಹಲಗೆಯ ಬೆನ್ನಿನ ಮೇಲೆ ಗುಡ್ಡೆಯಾಗಿ ಕೂತು ಹೊಗೆಯ ಸಂದನ್ನು ಮುಚ್ಚಿತು. ಸಂಜೆ ಒಲೆ ಹೊತ್ತಿಸಿದಾಗ ಕೋಣೆಯ ತುಂಬ ಹೊಗೆ, ಮನೆಯವರೆಲ್ಲ ಹೊರಗೆ. ಆ ಹೊಗೆಯಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಕಾರ್ಬನ್ ಮಾನಾಕ್ಸೈಡ್ ಕೂಡ ಇರುತ್ತದೆ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಂದಿನಿಂದ ಆ ಅನಿಲದ ಎಚ್ಚರಿಕೆಗಂಟೆಯೊಂದನ್ನು ಗೋಡೆಗೆ ಹಾಕಿಸಿದ್ದೇನೆ. ಹಲಗೆ ವರ್ಮಿಕ್ಯುಲೈಟ್ ಎಂಬ ಹಗುರವಾದ ಖನಿಜದ್ದಾದರೆ ಬಿಸ್ಕತ್ತಿನಷ್ಟು ಸುಲಭವಾಗಿ ಮುರಿಯುತ್ತದೆ, ಎರಡೂ ಕೈಯಲ್ಲಿ ಹಿಡಿದು ಇಳಿಸಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಮರಳಿ ಜೋಡಿಸುವಾಗ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಆಮೇಲೆ ಮನೆಯ ಗಾಳಿಯ ಕಡೆಗೆ ಗಮನ ಕೊಡಿ. ತಣ್ಣಗಿರುವ ಚಿಮಣಿಯಲ್ಲಿ ಗಾಳಿ ಕೆಲವೊಮ್ಮೆ ಮೇಲಕ್ಕೆ ಹೋಗುವ ಬದಲು ಕೆಳಕ್ಕೆ ಇಳಿಯುತ್ತಿರುತ್ತದೆ; ಆಗ ಬ್ರಷ್ ಆಡಿಸಿದರೆ ಮಸಿಯೆಲ್ಲ ಕೋಣೆಗೇ ಬರುತ್ತದೆ. ಒಲೆಯ ಬಾಯಲ್ಲಿ ತೆಳುವಾದ ಕಾಗದದ ಪಟ್ಟಿ ಹಿಡಿದು ಅದು ಯಾವ ಕಡೆಗೆ ಅಲುಗುತ್ತದೆಂದು ನೋಡಿ, ಅಡುಗೆಮನೆಯ ಮತ್ತು ಸ್ನಾನದ ಮನೆಯ ಗಾಳಿ ಹೊರದೂಡುವ ಫ್ಯಾನುಗಳನ್ನು ನಿಲ್ಲಿಸಿ. ಒಲೆಯ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಬಿಗಿದು, ನಡುವೆ ರಾಡು ಹೋಗುವಷ್ಟೇ ಸೀಳು ಮಾಡಿ. ನೆಲಕ್ಕೆ ಹಳೆಯ ಬಟ್ಟೆ ಹಾಸಿ. ನಿಮ್ಮ ಮೂಗಿಗೆ ಎನ್95 ಮುಖಗವಸು, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ, ಕೈಗವಸು ಇರಲಿ. ಇದು ಅತಿ ಎಚ್ಚರವಲ್ಲ: ಚಿಮಣಿ ಗುಡಿಸುವವರಲ್ಲಿ ಕಾಣಿಸುತ್ತಿದ್ದ ಕ್ಯಾನ್ಸರಿಗೂ ಅವರ ಚರ್ಮಕ್ಕೆ ಮೆತ್ತುತ್ತಿದ್ದ ಮಸಿಗೂ ಸಂಬಂಧವಿದೆಯೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ಬರೆದಿದ್ದ. ಕೆಲಸ ಮುಗಿದೊಡನೆ ಮೈ ತೊಳೆದುಕೊಂಡು, ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.

ಗುಡಿಸುವ ಕೆಲಸ ಇಷ್ಟೆಲ್ಲದರ ಮುಂದೆ ಚಿಕ್ಕದು. ಬ್ರಷ್ಷಿನ ತಲೆಯನ್ನು ಕೊಳವೆಯೊಳಕ್ಕೆ ಏರಿಸಿದ ಮೇಲೆಯೇ ಡ್ರಿಲ್ ಚಾಲೂ ಮಾಡಿ, ನಿಧಾನದ ವೇಗದಲ್ಲಿ ತಿರುಗಿಸುತ್ತ, ಒಂದೊಂದೇ ರಾಡನ್ನು ಸೇರಿಸುತ್ತ, ಬಾಯಲ್ಲಿ ಎಣಿಸುತ್ತ ಮೇಲಕ್ಕೆ ಸಾಗಬೇಕು. ರಾಡುಗಳು ತಿರುಪಿನಿಂದ ಸೇರುವಂಥವಾದರೆ ಡ್ರಿಲ್ ಯಾವಾಗಲೂ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಲಿ. ಮರೆತು ಹಿಂದಕ್ಕೆ ತಿರುಗಿಸಿದರೆ ತಿರುಪು ಬಿಚ್ಚಿಕೊಂಡು ಬ್ರಷ್ ಮೇಲೆಯೇ ಉಳಿದುಬಿಡುತ್ತದೆ. ಕೊನೆಯ ಒಂದು ಮೀಟರಿನಲ್ಲಿ ಅವಸರ ಬೇಡ, ಅಲ್ಲಿ ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ. ಮಸಿ ಉದುರುವ ಸದ್ದಿಗೆ ಕಿವಿಗೊಡಿ: ಮೊದಮೊದಲು ಜಲ್ಲಿ ಸುರಿದಂತೆ ಕೇಳುತ್ತದೆ, ಚೊಕ್ಕವಾಗುತ್ತ ಬಂದಂತೆ ಎಳೆಗಳು ಬರಿಯ ಗೋಡೆಗೆ ತಾಗುವ ಸದ್ದಷ್ಟೇ ಉಳಿಯುತ್ತದೆ. ಎಲ್ಲಿಯಾದರೂ ಬ್ರಷ್ ಸಿಕ್ಕಿಕೊಂಡರೆ ಬಲ ಹಾಕಬೇಡಿ. ಅದು ಹಕ್ಕಿಯ ಗೂಡಿರಬಹುದು, ಸರಿದ ಒಳಪದರದ ಅಂಚಿರಬಹುದು. ಅಂಥ ಸಂದರ್ಭದಲ್ಲಿ ಇಳಿಸಿ, ನೋಡಿ, ತಿಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ.

ಒಲೆಯಿಂದ ಹೊರಟ ಕೊಳವೆ ಲಂಬಕೋನದಲ್ಲಿ ತಿರುಗಿ ಗೋಡೆಯೊಳಕ್ಕೆ ಹೋಗುವ ಮನೆಗಳಲ್ಲಿ ಆ ತುಂಡನ್ನು ಬಿಚ್ಚಿಕೊಂಡು ಹೊರಗೆ ಒಯ್ದು ಗುಡಿಸುವುದೇ ಸರಿ. ಮರಳಿ ಜೋಡಿಸುವಾಗ ಕೊಳವೆಯ ಸುಕ್ಕುಗಟ್ಟಿಸಿದ ಕಿರಿದಾದ ತುದಿ ಒಲೆಯ ಕಡೆಗೆ, ಅಂದರೆ ಕೆಳಮುಖವಾಗಿ ಇರಬೇಕು. ನೋಡುವವರಿಗೆ ಇದು ತಲೆಕೆಳಗೆಂದು ತೋರಬಹುದು; ಹೊಗೆ ಹೊರಗೆ ಬಾರದೇ ಎಂದು ಕೇಳಿದವರೂ ಇದ್ದಾರೆ. ಮೇಲಿನಿಂದ ದ್ರವವಾಗಿ ಇಳಿಯುವ ಕ್ರಿಯೋಸೋಟ್ ಕೊಳವೆಯ ಒಳಗೇ ಹರಿದು ಒಲೆಗೆ ಬೀಳಲಿ, ಜೋಡಣೆಯ ಸಂದಿನಿಂದ ಹೊರಗೆ ತೊಟ್ಟಿಕ್ಕದಿರಲಿ ಎಂಬುದೇ ಇದರ ಉದ್ದೇಶ. ಪ್ರತಿ ಜೋಡಣೆಗೂ ಮೂರು ಸ್ಕ್ರೂ ಹಾಕಿ.

ರಾಡುಗಳನ್ನು ಇಳಿಸಿದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ತಕ್ಷಣ ಕೀಳದೆ ಒಂದು ಗಂಟೆ ಕಾಯಿರಿ, ಧೂಳು ಕೂರಲಿ. ಮನೆಯಲ್ಲಿ ಬಳಸುವ ಸಾಮಾನ್ಯ ವ್ಯಾಕ್ಯೂಮ್ ಯಂತ್ರದಿಂದ ಮಸಿ ಎಳೆಯಬಾರದು. ನುಣ್ಣನೆಯ ಪುಡಿ ಅದರ ಜಾಲರಿಯನ್ನು ದಾಟಿ ಹಿಂಬದಿಯಿಂದ ಮನೆಯ ತುಂಬ ಹರಡುತ್ತದೆ. ಬೂದಿಗೆಂದೇ ಮಾಡಿದ ಯಂತ್ರವಿಲ್ಲದಿದ್ದರೆ ಸಣ್ಣ ಸಲಿಕೆಯೂ ಒದ್ದೆ ಕಾಗದವೂ ಸಾಕು. ತೆಗೆದ ಮಸಿಯನ್ನು ಎಸೆಯುವ ಮೊದಲು ಅದು ಎಷ್ಟಿದೆಯೆಂದು ನೋಡಿ. ಉದ್ದನೆಯ ಚಿಮಣಿಯಿಂದ ಒಂದು ಹಿಡಿಯಷ್ಟೇ ಬಿದ್ದಿದ್ದರೆ ಒಲೆ ಚೆನ್ನಾಗಿ ಉರಿದಿದೆಯೆಂದಾದರೂ ಅರ್ಥ, ಇಲ್ಲವೇ ಬ್ರಷ್ ತುದಿ ಮುಟ್ಟಿಲ್ಲವೆಂದಾದರೂ ಅರ್ಥ. ಎಣಿಕೆ ಸರಿಯಿದ್ದರೆ ಮಾತ್ರ ಮೊದಲನೆಯದನ್ನು ನಂಬಬಹುದು. ಕೊನೆಗೆ ಕನ್ನಡಿಯನ್ನೋ, ಕೋಲಿಗೆ ಕಟ್ಟಿದ ಮೊಬೈಲನ್ನೋ ಒಳಗಿಟ್ಟು ನೋಡಿ. ಮೇಲ್ತುದಿಯ ಟೊಪ್ಪಿಗೆ ತಂತಿಬಲೆ ಇದ್ದರೆ ಅದು ಕೆಳಗಿನ ಬ್ರಷ್ಷಿಗೆ ಪೂರ್ತಿ ಸಿಗುವುದಿಲ್ಲ. ಅಂಗಳದಲ್ಲಿ ನಿಂತು ದುರ್ಬೀನಿನಿಂದ ನೋಡಿ, ಬಲೆಯ ಕಣ್ಣುಗಳು ಕಪ್ಪಾಗಿ ಮುಚ್ಚಿದ್ದರೆ ಆ ಒಂದು ಕೆಲಸಕ್ಕಾದರೂ ಹತ್ತಬಲ್ಲವರನ್ನು ಕರೆಸಬೇಕು. ತಡೆಹಲಗೆಯನ್ನು ಕೂರಿಸಿ, ಒಂದೆರಡು ಹಾಳೆ ಕಾಗದ ಹೊತ್ತಿಸಿ ಹೊಗೆ ಸಲೀಸಾಗಿ ಏರುವುದನ್ನು ಕಂಡ ಮೇಲೆಯೇ ಸೌದೆ ಇಡಿ.

ಎಷ್ಟು ಸಲ ಎಂದು ಕೇಳುವಿರಾದರೆ, ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಸುರಕ್ಷತಾ ಮಾನದಂಡ ವರ್ಷಕ್ಕೊಮ್ಮೆ ಚಿಮಣಿಯನ್ನು ಪರೀಕ್ಷಿಸಬೇಕೆನ್ನುತ್ತದೆ; ದಿನವೂ ಒಲೆ ಉರಿಸುವವರು ಚಳಿಗಾಲದ ನಡುವೆ ಇನ್ನೊಮ್ಮೆ ನೋಡುವುದು ವಾಸಿ. ಸೌದೆಯ ತೇವ ಶೇಕಡ 20ಕ್ಕಿಂತ ಕಡಿಮೆ ಇದ್ದು, ರಾತ್ರಿಯಿಡೀ ಗಾಳಿ ಬಿಗಿಹಿಡಿದು ಹೊಗೆಯಾಡಿಸುವ ಅಭ್ಯಾಸ ಬಿಟ್ಟರೆ ಮಸಿ ಅರ್ಧಕ್ಕರ್ಧ ಇಳಿಯುವುದನ್ನು ನನ್ನ ಒಲೆಯಲ್ಲೇ ಕಂಡಿದ್ದೇನೆ. ಒಂದು ವೇಳೆ ಚಿಮಣಿಯೊಳಗೆ ಬಿರುಗಾಳಿಯಂಥ ಮೊರೆತ ಕೇಳಿದರೆ ಅದು ಒಳಗೆ ಹೊತ್ತಿದ ಬೆಂಕಿ: ಒಲೆಯ ಬಾಗಿಲನ್ನೂ ಗಾಳಿಯ ಕಿಂಡಿಗಳನ್ನೂ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ; ನೀರು ಸುರಿಯಬೇಡಿ, ಬೆಂಕಿ ಆರಿದ ಮೇಲೂ ತಿಳಿದವರು ಪರೀಕ್ಷಿಸುವ ತನಕ ಒಲೆ ಹೊತ್ತಿಸಬೇಡಿ.

ನಾನು ಪ್ರತಿ ಸಲವೂ ಗುಡಿಸಿದ ದಿನ, ಬಳಸಿದ ರಾಡುಗಳ ಸಂಖ್ಯೆ, ಬಿದ್ದ ಮಸಿ ಎಷ್ಟು ಡಬ್ಬಿಯೆಂಬುದು, ಈ ಮೂರನ್ನು ರಾಡುಗಳ ಚೀಲದ ಒಳಬದಿಗೆ ಹೊಲಿದ ಬಟ್ಟೆಯ ತುಂಡಿನ ಮೇಲೆ ಬರೆದಿಡುತ್ತೇನೆ. ಮುಂದಿನ ವರ್ಷ ಚೀಲ ಬಿಚ್ಚಿದವರು ಯಾರೇ ಆಗಿರಲಿ, ಮೊದಲು ಅವರ ಕಣ್ಣಿಗೆ ಬೀಳುವುದು ಅದೇ.