ವಿದ್ಯುತ್ ಕಾರಿನ ಬ್ಯಾಟರಿ ಹೆಚ್ಚು ವರ್ಷ ಬಾಳಲು ಒಂದು ಸಲಹೆ

ವಿಜಯಪುರ, ಬಾಗಲಕೋಟೆ ಕಡೆ ವಿದ್ಯುತ್ ಕಾರು ಇಟ್ಟುಕೊಂಡವರು ಬೇಸಿಗೆಯ ಮಧ್ಯಾಹ್ನ ಮನೆಗೆ ಬಂದ ಕೂಡಲೇ ಅದನ್ನು ಚಾರ್ಜಿಗೆ ಹಾಕದೆ, ನೆರಳಿನಲ್ಲಿ ನಿಲ್ಲಿಸಿ ರಾತ್ರಿ ತಂಪಾದ ಮೇಲೆ ಹಾಕಿರಿ. ದಿನನಿತ್ಯದ ಓಡಾಟಕ್ಕೆ ಶೇ. 80ರಷ್ಟು ಚಾರ್ಜ್ ಸಾಕು. ಬಿಸಿಯೂ ತುಂಬಿದ ಚಾರ್ಜೂ ಒಟ್ಟಿಗೆ ಸೇರಿದಾಗ ಬ್ಯಾಟರಿಯ ಒಳಗಿನ ಅನಗತ್ಯ ರಾಸಾಯನಿಕ ಕ್ರಿಯೆಗಳು ವೇಗ ಪಡೆದು, ವಿದ್ಯುತ್ತನ್ನು ಹೊತ್ತು ಓಡಾಡಬೇಕಾದ ಲಿಥಿಯಂ ಸ್ವಲ್ಪಸ್ವಲ್ಪವಾಗಿ ಶಾಶ್ವತವಾಗಿ ಕಳೆದುಹೋಗುತ್ತದೆ, ಮತ್ತು 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಈ ಹಾನಿ ಇನ್ನೂ ಹೆಚ್ಚು. ಹಲವು ಕಂಪನಿಗಳು ಬ್ಯಾಟರಿಗೆ ಕೊಡುವ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿಯನ್ನು ಕಾರಿನ ಆಯುಷ್ಯವೆಂದು ದಯವಿಟ್ಟು ತಿಳಿಯಬೇಡಿರಿ. ಅದು ಕನಿಷ್ಠ ಭರವಸೆ ಮಾತ್ರ, ಚೆನ್ನಾಗಿ ನೋಡಿಕೊಂಡ ಬ್ಯಾಟರಿ ಅದನ್ನು ಮೀರಿ ಬಾಳುತ್ತದೆ. ಆದರೆ ಶೇ. 80ರ ನಿಯಮ ಎಲ್ಲ ಕಾರುಗಳಿಗೂ ಒಗ್ಗುವುದಿಲ್ಲ: ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ, ಎಷ್ಟು ಚಾರ್ಜ್ ಉಳಿದಿದೆ ಎಂಬ ಲೆಕ್ಕ ತಪ್ಪದಿರಲು ಕಾರಿನ ಕೈಪಿಡಿ ಹೇಳಿದಂತೆ ಆಗಾಗ ಪೂರ್ತಿ ತುಂಬಿಸಲೇಬೇಕು. ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗುವ ದಿನ ಯಾವ ಕಾರಾದರೂ ಶೇ. 100 ತುಂಬಿಸಬಹುದು, ಹೊರಡುವ ಸ್ವಲ್ಪ ಮೊದಲು ಮುಗಿಯುವಂತೆ ಸಮಯ ಹೊಂದಿಸಿದರೆ ಆಯಿತು. ದಾರಿಯಲ್ಲಿ ಫಾಸ್ಟ್ ಚಾರ್ಜರ್ ಹಿಡಿಯಬೇಕಾದಾಗ ತಂಪಾಗಲೆಂದು ಕಾಯುವುದು ಸಾಧ್ಯವಿಲ್ಲ, ಅಪರೂಪಕ್ಕೆ ಹಾಗಾದರೆ ಚಿಂತೆಯೂ ಬೇಡ. ವಾರಗಟ್ಟಲೆ ಊರಿಗೆ ಹೋಗುವವರು ಮಾತ್ರ ಕಾರನ್ನು ಪೂರ್ತಿ ತುಂಬಿಸಿಯೂ ಪೂರ್ತಿ ಖಾಲಿ ಮಾಡಿಯೂ ಬಿಡದೆ, ಅರ್ಧದಷ್ಟು ಚಾರ್ಜ್ ಇಟ್ಟು ನೆರಳಿನಲ್ಲಿ ನಿಲ್ಲಿಸಿ ಹೋಗಿರಿ.